ಎಣ್ಣೆ ಡಬ್ಬಿಗೆ ರುಮಾಲು

ದೊಡ್ಡ ದೊಡ್ಡ ಯುದ್ಧಗಳು ಎಲ್ಲಿ ಹುಟ್ಟುತ್ತವೆಂಬುದನ್ನು ತಿಳಿದವರು ಬರೆದಿಟ್ಟಿದ್ದಾರೆ. ಇಟಲಿಯವರು ಹಬಸಿ ದೇಶದ ಮೇಲೆ ಏರಿಹೋದ ಯುದ್ಧ ಮಾತ್ರ, ನನ್ನ ಮಟ್ಟಿಗೆ, ನನ್ನ ಅಂಗಡಿಯ ಫಲಕದ ಮೇಲೆ ಉಳಿದ ಎರಡು ಗೇಣು ಖಾಲಿ ಜಾಗದಿಂದ ಹುಟ್ಟಿತು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನನ್ನದೊಂದು ಚಿಮಣಿ ಎಣ್ಣೆಯ ಅಂಗಡಿ. ಅಂಗಡಿಯೆಂದರೆ ಮೂರು ಹಲಗೆ, ಒಂದು ಮಾಪು, ಒಂದು ಲಾಳಿಕೆ, ಮತ್ತು ನಾನು. ಜೋಡುಹಂಸದ ಗುರುತಿನ ಡಬ್ಬಿಗಳನ್ನು ಸ್ಟೇಶನ್ ಹತ್ತಿರದ ದೊಡ್ಡ ವ್ಯಾಪಾರಿಯಿಂದ ತಂದು, ಮನೆಮನೆಯವರಿಗೆ ಅಳೆದು ಕೊಡುವುದು ನನ್ನ ಉದ್ಯೋಗ. ಜೋಡುಹಂಸ ಕಂಪನಿಯ ಕಚೇರಿ ಮುಂಬಯಿಯಲ್ಲಿದೆಯೆಂದೂ ಅದರ ಬೇರು ವಿಲಾಯತಿಯಲ್ಲಿದೆಯೆಂದೂ ಕೇಳಿದ್ದೆ. ನಾನೊಬ್ಬ ಇದ್ದೇನೆಂಬುದು ಕಂಪನಿಗೆ ಗೊತ್ತಿರಲಿಲ್ಲ. ಇದರಿಂದ ಇಬ್ಬರಿಗೂ ತೊಂದರೆಯಿರಲಿಲ್ಲ.

ಆ ವರ್ಷ ದಸರೆಗೆ ಫಲಕ ಬರೆಸಿದೆ. ‘ನೀಲಕಂಠಪ್ಪ, ಚಿಮಣಿ ಎಣ್ಣಿ ಅಂಗಡಿ’ ಎಂದಷ್ಟೇ ನಾನು ಹೇಳಿದ್ದು. ಪೇಂಟರ್ ಬರೆದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದ.

"ಕೆಳಗ ಜಾಗಾ ಉಳೀತಲ್ರಿ. ವಿಭೂತಿ ಇಲ್ಲದ ಹಣಿಯಂಗ ಕಾಣಾಕತ್ತೈತಿ."

ಈ ಮಾತು ನನಗೆ ನಾಟಿತು. "ಮತ್ತೇನ ಬರೀತಿ?"

"‘ಜೋಡುಹಂಸ ಕಂಪನಿಯ ಪೂರ್ಣ ಅಧಿಕಾರವುಳ್ಳ ಏಜೆಂಟ’ ಅಂತ ಹಾಕತೇನಿ. ಅಳತಿಗೆ ಬರೊಬ್ಬರಿ ಹೊಂದತೈತಿ."

ಅಳತೆಗೆ ಹೊಂದುವುದನ್ನು ಬೇಡವೆನ್ನಲು ನಾನು ಯಾರು? ಸಂಜೆ ನನ್ನ ಹೆಂಡತಿ ದಾನವ್ವ ಬುತ್ತಿ ತಂದವಳು ಫಲಕವನ್ನು ನೋಡಿ ಕೇಳಿದಳು.

"ಏಜೆಂಟ ಅಂದರ ಏನ್ರಿ?"

"ಕಂಪನಿ ಇಲ್ಲಿತನಕ ಬರಾಕ ಆಗೂದಿಲ್ಲ. ಅದರ ಬದಲಿ ನಾ ಇಲ್ಲಿ ಕೂಡತೇನಿ."

"ಹಂಗಾರ ಕಂಪನಿ ಮಾಡಿದ್ದೆಲ್ಲಾ ನೀವು ಮಾಡಿಧಂಗೇನು?"

"ಹೂಂ ಮತ್ತ!" ಎಂದೆ, ಎದೆಯುಬ್ಬಿಸಿ.

"ಛಲೋ ಆತು. ಕಂಪನಿ ಶಾಣ್ಯಾ ಇದ್ದರ ಸಾಕು," ಎಂದು ಬುತ್ತಿ ಬಿಚ್ಚಿಟ್ಟು ಹೋದಳು.

ನಮ್ಮ ಓಣಿಯಲ್ಲಿ ಪತ್ರಿಕೆಯನ್ನು ಪುರಾಣದ ಹಾಗೆ ಓದುತ್ತಾರೆ. ಬರುವುದು ಒಂದೇ ಪ್ರತಿ, ಹತ್ತಿಯ ವ್ಯಾಪಾರಿ ಗುರುಶಿದ್ದಪ್ಪನವರಿಗೆ. ಬೆಳಿಗ್ಗೆ ಅವರ ಅಂಗಡಿಯ ಕಟ್ಟೆಯ ಮೇಲೆ ಎಲ್ಲರೂ ಕೂಡುತ್ತಾರೆ. ನಾನು ಒಂದು ವಾಕ್ಯ ಓದಿ ನಿಲ್ಲಿಸಬೇಕು, ಶಾಂತಯ್ಯನವರು ಅದರ ಅರ್ಥ ಹೇಳಬೇಕು. ಸಂಜೆ ಮಠದಲ್ಲಿ ಪುರಾಣ ಹೇಳುವವರೂ ಇದೇ ಶಾಂತಯ್ಯನವರು. ಹೊತ್ತಿಗೆ ತಕ್ಕಂತೆ ಪುಸ್ತಕ ಬದಲಾಗುತ್ತದೆ, ಗಂಟಲು ಅದೇ. ಹೀಗಾಗಿ ನಮ್ಮ ಕಟ್ಟೆಯ ಮೇಲೆ ವಾಯಸರಾಯರು ತುಸು ಇಂದ್ರನಂತೆಯೂ ಮುನಸಿಪಾಲಿಟಿ ತುಸು ಯಮಲೋಕದಂತೆಯೂ ಕಾಣುವುದು ರೂಢಿ.

ಮಠದ ಪುರಾಣವೆಂದರೆ ನನಗೆ ಜೀವ. ಕಾರ್ತಿಕದ ತಿಂಗಳಿಡೀ ಅದು ನಡೆಯುತ್ತದೆ. ಎಡಗಡೆಯ ಎರಡನೆಯ ಕಂಬ ನನ್ನದು. ಅಪ್ಪನ ತೊಡೆಯ ಮೇಲೆ ಕೂತು ಕೇಳುತ್ತಿದ್ದ ಕಾಲದಿಂದ ನನ್ನ ಬೆನ್ನಿಗೂ ಅದಕ್ಕೂ ಪರಿಚಯ. ಶಾಂತಯ್ಯನವರು ಷಟ್ಪದಿಯ ಮೊದಲ ಸಾಲು ಎತ್ತಿದರೆಂದರೆ ನನ್ನ ಕಣ್ಣು ತಾನಾಗಿ ಅರ್ಧ ಮುಚ್ಚುತ್ತದೆ. ಅಲ್ಲಿಂದ ಮುಂದೆ ನಾನು ಹುಬ್ಬಳ್ಳಿಯಲ್ಲಿರುವುದಿಲ್ಲ. ಆ ವರ್ಷವಂತೂ ಬೆಳಗಿನ ಹಬಸಿ ದೇಶ ಸಂಜೆಯ ಪುರಾಣದೊಳಗೆ ಹೇಗೋ ನುಸುಳಿಬಿಡುತ್ತಿತ್ತು. ಗುಡ್ಡದ ಮೇಲೆ ಬೆಳ್ಗೊಡೆ ಹಿಡಿಸಿಕೊಂಡು ಹಬಸಿ ರಾಜ ಕೂತಿದ್ದಾನೆ. ಕಾಲ ಬಳಿ ಸಿಂಹಗಳು ಕರುಗಳಂತೆ ಮಲಗಿವೆ. ಆಕಾಶದಲ್ಲಿ ಕಬ್ಬಿಣದ ಹಕ್ಕಿಗಳು ಸದ್ದಿಲ್ಲದೆ ತೇಲಿ ಬರುತ್ತಿವೆ. ಕೆಳಗೆ ಹೆಂಗಸರು ಬಟ್ಟೆ ಒಣಹಾಕುವುದನ್ನು ಬಿಟ್ಟು ತಲೆಯೆತ್ತಿ, ಇದೇನು ಹೊಸ ಹಕ್ಕಿಯೆಂದು ನೋಡುತ್ತಿದ್ದಾರೆ. ಅಷ್ಟರಲ್ಲಿ ಮಂಗಳಾರತಿಯ ಗಂಟೆ ಬಡಿದು ನಾನು ಮತ್ತೆ ಕಂಬಕ್ಕೆ ಬಂದು ಬೀಳುತ್ತಿದ್ದೆ.

ಕಾರ್ತಿಕದ ಮೊದಲ ವಾರ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಓದಿದೆ: ‘ಜಿನೀವಾದಲ್ಲಿ ಸೇರಿದ ರಾಷ್ಟ್ರಸಂಘವು ಇಟಲಿಗೆ ಕಳಿಸಬಾರದ ಸಾಮಾನುಗಳ ಪಟ್ಟಿಯನ್ನು ಮಾಡಿದೆ.’

ಶಾಂತಯ್ಯನವರು ಅರ್ಥ ಹೇಳಿದರು. "ಅಂದರ ಏನು? ಐವತ್ತು ದೇಶದ ಪ್ರಭುಗಳು ಒಂದು ಊರಾಗ ಕೂಡ್ಯಾರ. ಒಬ್ಬ ಬಲಾಢ್ಯ ಇನ್ನೊಬ್ಬನ ಮನಿ ಹೊಕ್ಕಾನ. ಹೋಗಿ ಬಿಡಸಬೇಕಂದರ ಅಂಗಿ ಹರೀತೈತಿ. ಅದಕ್ಕ, ಅವಗ ಸಾಮಾನು ಕೊಡಬ್ಯಾಡ್ರಿ ಅಂತ ಬರದು, ಕೈ ತೊಳಕೊಂಡು, ಊಟಕ್ಕ ಎದ್ದಾರ. ಮುಂದ ಓದು."

‘ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ...’

"ಕತ್ತಿ?" ಎಂದರು ಗುರುಶಿದ್ದಪ್ಪನವರು. "ಅವರ ಹಂತೇಕ ವಿಮಾನ ಅದಾವಂತ. ಕತ್ತಿ ತಗೊಂಡು ಏನ ಮಾಡತಾರ?"

"ಬರದಾರ್ರಿ. ಕತ್ತಿ ಕೊಡಬಾರದು. ಮುಂದ, ರಬ್ಬರು, ತವರ..."

"ತವರ ಅಂದರ ನಮ್ಮ ನೀಲಕಂಠಪ್ಪನ ಡಬ್ಬಿಗೆ ಬಳೀತಾರಲ್ಲ, ಅದು," ಎಂದು ಶಾಂತಯ್ಯನವರು ವಿವರಿಸಿದರು. "ಎಣ್ಣಿ?"

ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಇಳಿಸಿದೆ. "ಎಣ್ಣಿ ಇಲ್ರಿ."

"ನೆಟ್ಟಗ ನೋಡು."

"ಖರೇನ ಇಲ್ರಿ, ಅಯ್ಯನವರ."

ಗುರುಶಿದ್ದಪ್ಪನವರು ಬಾಯಿಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು. "ಅಂದರ ಡಬ್ಬಿಯ ತವರ ಕೊಡಬಾರದು, ಡಬ್ಬ್ಯಾಗಿನ ಎಣ್ಣಿ ಕೊಡಬಹುದು. ಇಟಲಿಯವರು ಎಣ್ಣೀನ ಏನ ಉಡ್ಯಾಗ ಕಟಗೊಂಡು ಒಯ್ಯತಾರೇನು?"

ಕಟ್ಟೆ ನಕ್ಕಿತು. ಶಾಂತಯ್ಯನವರು ನಗಲಿಲ್ಲ. "ವಿಮಾನ ಏನ ಕುಡೀತೈತಿ? ಎಣ್ಣಿ. ಎಣ್ಣಿ ಯಾರ ಕುಡಸ್ತಾರ? ಕಂಪನಿಯವರು," ಎಂದರು ನಿಧಾನವಾಗಿ. ಕಟ್ಟೆಯ ಮೇಲಿದ್ದ ತಲೆಗಳೆಲ್ಲ, ಗಾಳಿಗೆ ಜೋಳದ ತೆನೆ ವಾಲುವ ಹಾಗೆ, ಎದುರಿಗಿದ್ದ ನನ್ನ ಫಲಕದ ಕಡೆ ವಾಲಿದವು.

"ನೀಲಕಂಠಪ್ಪ, ನಿಮ್ಮ ಕಂಪನಿ ಇಟಲಿಗೆ ಎಣ್ಣಿ ಕೊಡತೈತೇನು?"

ನನಗೇನು ಗೊತ್ತು ಎನ್ನಬಹುದಾಗಿತ್ತು. ಆದರೆ ಬಿಸಿಲಿಗೆ ‘ಪೂರ್ಣ ಅಧಿಕಾರವುಳ್ಳ’ ಎಂಬ ಅಕ್ಷರಗಳು ಥಳಥಳ ಹೊಳೆಯುತ್ತಿದ್ದವು. "ಛೇ ಛೇ! ನಮ್ಮ ಕಂಪನಿ ಅಂಥಾದ್ದು ಮಾಡೂದಿಲ್ರಿ."

"ನೀ ಹೇಳಿದರ ಕಂಪನಿ ಹೇಳಿಧಂಗೇನು?"

"ಬರದೈತಲ್ರಿ."

"ಹಂಗಾರ ದೈವದ ಮುಂದ ಹೇಳು," ಎಂದರು ಶಾಂತಯ್ಯನವರು. "ಸಂಜಿಗೆ ನಾ ಪುರಾಣ ಹೇಳೂದು ನಿನ್ನ ಎಣ್ಣಿಯ ಗ್ಯಾಸಬತ್ತಿ ಬೆಳಕಿನ್ಯಾಗ. ಅಲ್ಲಿ ಊರ ಸುಡೂದೂ ಅದಽ ಎಣ್ಣಿ ಇದ್ದರ, ನನ್ನ ಬಾಯಾಗ ಶಿವನ ಹೆಸರು ಹ್ಯಾಂಗ ಬಂದೀತು? ಇದು ಬಗೀಹರೀಬೇಕು."

ಓಣಿಯ ಹಿರಿಯರು ಕೂಡಿ ನ್ಯಾಯ ಮಾಡುವುದಕ್ಕೆ ನಮ್ಮಲ್ಲಿ ದೈವ ಕೂಡುವುದೆನ್ನುತ್ತಾರೆ. ಆ ಮಧ್ಯಾಹ್ನವೇ ಗುರುಶಿದ್ದಪ್ಪನವರ ಅಂಗಡಿಯ ಮುಂದೆ ಜಮಖಾನ ಬಿತ್ತು. ನಮ್ಮ ದೈವದ ಒಂದು ಪದ್ಧತಿ ಇಲ್ಲಿ ಹೇಳಬೇಕು. ತಪ್ಪಿತಸ್ಥನೆಂದು ಕರೆಸಿಕೊಂಡವನು ಬರಲಾಗದಿದ್ದರೆ ಅವನ ರುಮಾಲನ್ನು ತಂದು ಜಮಖಾನದ ಮೇಲೆ ಇಡಬೇಕು. ರುಮಾಲು ಬಂದರೆ ಮನುಷ್ಯ ಬಂದಂತೆ. ತೀರ್ಪಾಗುವವರೆಗೆ ಅದನ್ನು ಯಾರೂ ತೆಗೆಯುವಂತಿಲ್ಲ.

"ಕಂಪನೀದು ರುಮಾಲ ತಾ," ಎಂದರು ಗುರುಶಿದ್ದಪ್ಪನವರು.

"ಕಂಪನಿಗೆ ತಲಿನ ಇಲ್ಲಲ್ರಿ, ಯಜಮಾನರ."

"ತಲಿ ಇಲ್ಲದಽ ಇಷ್ಟು ವ್ಯಾಪಾರ ಹ್ಯಾಂಗ ಮಾಡತೈತಿ?"

ಇದಕ್ಕೆ ಅರ್ಥಶಾಸ್ತ್ರ ಓದಿದವರು ಉತ್ತರ ಕೊಡಬೇಕು. ಶಾಂತಯ್ಯನವರೇ ತೊಡಕು ಬಿಡಿಸಿದರು. "ಒಬ್ಬರ ಮೈಗೆ ಇನ್ನೊಬ್ಬರ ತಲಿ ಹಚ್ಚೂದು ಪುರಾಣದಾಗ ಹೊಸಾದಲ್ಲ. ಮೈ ಡಬ್ಬೀದು, ತಲಿ ಏಜೆಂಟಂದು." ಕೂಡಲೇ ನನ್ನ ಅಂಗಡಿಯಿಂದ ತುಂಬಿದ ಡಬ್ಬಿಯೊಂದು ಬಂದು ಜಮಖಾನದ ನಡುವೆ ಕೂತಿತು. ನನ್ನ ತಲೆಯ ಮೇಲಿನ ರುಮಾಲು ಅದರ ಮೇಲೆ ಕೂತಿತು. ಒಪ್ಪಿಕೊಳ್ಳಬೇಕು, ನನಗಿಂತ ಡಬ್ಬಿಗೇ ಚೆನ್ನಾಗಿ ಒಪ್ಪಿತು.

ಗುರುಶಿದ್ದಪ್ಪನವರು ಕೈಮುಗಿದು ಡಬ್ಬಿಯನ್ನು ಕೇಳಿದರು. "ಕಂಪನಿಯವರ, ತಾವು ಇಟಲಿಗೆ ಎಣ್ಣಿ ಕೊಡಾಕತ್ತೀರಿ ಅನ್ನೂದು ಖರೇ ಏನ್ರಿ?"

ಬಿಸಿಲಿಗೆ ಕಾದಿದ್ದ ತಗಡು ‘ಟಪ್’ ಎಂದಿತು.

"ಹೂಂ ಅಂತು!" ಎಂದರು ಈ ಕಡೆಯವರು.

"ಇಲ್ಲ ಅಂತು!" ಎಂದರು ಆ ಕಡೆಯವರು, ಅಂದರೆ ನನ್ನಲ್ಲಿ ಎಣ್ಣೆ ಒಯ್ಯುವವರು. ಈ ಒಂದು ಟಪ್ಪಿನ ಮೇಲೆ ಅರ್ಧ ತಾಸು ವಾದ ನಡೆಯಿತು. ಕೊನೆಗೆ ಗುರುಶಿದ್ದಪ್ಪನವರು ಕೈಯೆತ್ತಿದರು.

"ತಪ್ಪ ಮಾಡಿದಾಂವ ಒಬ್ಬನಽ ಕೂತರ ನ್ಯಾಯ ಆಗೂದಿಲ್ಲ. ನೊಂದಾಂವನೂ ಬರಬೇಕು. ಹಬಸ್ಯಾರ ಕಡಿಯವರು ಯಾರದಾರ?"

ಅದೇ ಹೊತ್ತಿಗೆ ದಸ್ತಗೀರಸಾಬ ಇದ್ದಲಿಯ ಗಾಡಿ ಹೊಡೆದುಕೊಂಡು ದುರ್ಗದಬೈಲಿಗೆ ಬಂದ. ಹಳಿಯಾಳದ ಕಡೆಯ ಕಾಡಿನವನು, ಸಿದ್ದಿ. ಅವನ ಹಿರಿಯರ ಹಿರಿಯರನ್ನು ಯಾವುದೋ ಕಾಲಕ್ಕೆ ಸಮುದ್ರದಾಚೆಯಿಂದ ಹಡಗಿನಲ್ಲಿ ತಂದರೆಂದು ಎಲ್ಲರಿಗೂ ಗೊತ್ತು. ಯಾವ ಊರಿನಿಂದ ತಂದರೆಂಬುದು ಅವನಿಗೂ ಗೊತ್ತಿಲ್ಲ. ದೈವಕ್ಕೆ ಅಷ್ಟು ಸಾಕಾಯಿತು. ಗಾಡಿ ನಿಲ್ಲಿಸಿ, ಇಳಿಸಿ, ಮೈಮೇಲಿನ ಇದ್ದಲಿಯ ಪುಡಿಯನ್ನು ಕೊಡವಿಸಿ, ಅವನನ್ನು ಡಬ್ಬಿಯ ಎದುರಿಗೆ ಕೂಡಿಸಿದರು.

"ದಸ್ತಗೀರಸಾಬ, ನಿಮ್ಮ ದೇಶದ ಮ್ಯಾಲೆ ಬೆಂಕಿ ಸುರವ್ಯಾರಂತ. ನಿನ್ನ ಫಿರ್ಯಾದಿ ಹೇಳು."

ದಸ್ತಗೀರಸಾಬ ಸುತ್ತಲೂ ನೋಡಿದ. ರುಮಾಲು ಸುತ್ತಿದ ಡಬ್ಬಿಯನ್ನು ಬಹಳ ಹೊತ್ತು ನೋಡಿದ. "ನಮ್ಮ ಕಡೆ ಯಾರೂ ಬೆಂಕಿ ಹಾಕಿಲ್ರಿ. ಜಂಗಲ್ ಖಾತೇದವರು ಹ್ವಾದ ವಾರ ನನ್ನ ಕೊಡ್ಲಿ ಕಸಗೊಂಡಾರ. ಅದನ್ನ ಹೇಳಲೇನ್ರಿ?"

"ಅದು ಸರಕಾರದ ಮಾತು. ಅದು ಬ್ಯಾಡ."

"ಹಿಂದಕ ನಮ್ಮ ಮುತ್ಯಾನ ಮುತ್ಯಾನ್ನ ಹಡಗಿನ್ಯಾಗ ತುಂಬಿ ತಂದು ಮಾರ್ಯಾರಂತ. ಅದನ್ನ ಹೇಳಲೇನ್ರಿ?"

"ಅದು ಹಳೀದಾತು."

"ಹಂಗಾರ ನನಗ ಆಗದ್ದು ಒಂದಽ ಉಳೀತ್ರಿ. ಅದನ್ನ ಹೇಳತೇನಿ." ಹೀಗೆಂದು ದಸ್ತಗೀರಸಾಬ ಡಬ್ಬಿಯ ಕಡೆ ತಿರುಗಿ, ಅಪರಿಚಿತ ದೊಡ್ಡವರೊಡನೆ ಮಾತಾಡುವ ಧಾಟಿಯಲ್ಲಿ, "ಅಲ್ಲಿ ಮ್ಯಾಲಿಂದ ಬೆಂಕಿ ಹಾಕತಾರಂತ್ರಿ, ಸಾಹೇಬರ. ಕೆಳಗ ಮನಿಯೊಳಗ ಮಂದಿ ಇರತಾರ. ನಿಮಗ ಗೊತ್ತಿರಲಿಕ್ಕಿಲ್ಲ," ಎಂದ.

ಡಬ್ಬಿ ಈ ಸಲ ಟಪ್ಪೆನ್ನಲಿಲ್ಲ.

ಅಪ್ಪಣೆಯಾಯಿತು: ಕಂಪನಿಯಿಂದ ಉತ್ತರ ತರಿಸಬೇಕು, ಅಲ್ಲಿಯವರೆಗೆ ಮಠದಲ್ಲಿ ಗ್ಯಾಸಬತ್ತಿ ಬೇಡ, ಔಡಲೆಣ್ಣೆಯ ದೀಪ ಸಾಕು, ಅಲ್ಲಿಯವರೆಗೆ ರುಮಾಲು ಡಬ್ಬಿಯ ಮೇಲೆಯೇ. ಬರಿದಲೆಯಲ್ಲಿ ಪುರಾಣಕ್ಕೆ ಕೂಡುವ ರೂಢಿ ನಮ್ಮ ಮಠದಲ್ಲಿಲ್ಲ. ಬೇರೆ ರುಮಾಲು ಸುತ್ತಿಕೊಳ್ಳುತ್ತೇನೆಂದರೆ, "ಒಬ್ಬ ಮನಶಾಗ ಎರಡು ತಲಿ ಏನೋ?" ಎಂದರು ಗುರುಶಿದ್ದಪ್ಪನವರು. ಹೀಗೆ ನನ್ನ ಕಂಬ ಹೋಯಿತು.

ಮಾಮಲೇದಾರ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವನೊಬ್ಬನಿದ್ದ. ಅವನಿಂದ ಇಂಗ್ಲಿಷಿನಲ್ಲಿ ಮುಂಬಯಿಗೆ ಕಾಗದ ಬರೆಸಿದೆ. ‘ಇಟಲಿಗೆ ಎಣ್ಣೆ ಕೊಡುವ ಬಗ್ಗೆ ತಮ್ಮಿಂದ ತಿಳಿಯಬಯಸುವ, ಹುಬ್ಬಳ್ಳಿಯ ಪೂರ್ಣ ಅಧಿಕಾರವುಳ್ಳ ಏಜೆಂಟ’ ಎಂದು ಅದರಲ್ಲಿತ್ತಂತೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಸಂಜೆಯಾದರೆ ಕಾಲು ತಾನಾಗಿ ಮಠಕ್ಕೆ ಹೋಗುತ್ತಿತ್ತು. ಹೊರಗೆ ಗೋಡೆಗೆ ಕಿವಿಹಚ್ಚಿ ನಿಲ್ಲುತ್ತಿದ್ದೆ. ಗಾಳಿ ಈ ಕಡೆ ಬೀಸಿದರೆ ಅರ್ಧ ಪದ್ಯ ನನಗೆ, ಆ ಕಡೆ ಬೀಸಿದರೆ ಅರ್ಧ ಪದ್ಯ ಬೇವಿನ ಗಿಡಕ್ಕೆ. ಔಡಲೆಣ್ಣೆಯ ಹೊಗೆಗೆ ಶಾಂತಯ್ಯನವರು ಕೆಮ್ಮುತ್ತಿದ್ದರು. ಕೆಮ್ಮಿದಲ್ಲೆಲ್ಲ ರಾಕ್ಷಸರು ತುಸು ಹೊತ್ತು ಉಳಿದುಕೊಳ್ಳುತ್ತಿದ್ದರು. ಮಬ್ಬಿನಲ್ಲಿ ಗೋಡೆಯ ಸುಣ್ಣ ಬಿಳುಪಾದ ಗುಡ್ಡವಾಗುತ್ತಿತ್ತು. ಗುಡ್ಡದ ಮೇಲಿನ ರಾಜನೂ ಆ ದಿನಗಳಲ್ಲಿ ಬರಿದಲೆಯಲ್ಲೇ ಕೂತಿರುತ್ತಿದ್ದ.

"ಒಳಗಿಂದು ಕೇಳಿಸ್ತೇನ್ರಿ?" ಎಂದು ದಾನವ್ವ ಮನೆಯಲ್ಲಿ ಕೇಳುತ್ತಿದ್ದಳು.

"ಅರ್ಧಾ ಕೇಳಿಸ್ತು."

"ಅರ್ಧಾ ಏಜೆಂಟಗ ಅರ್ಧಾ ಪುರಾಣ," ಎಂದು ರೊಟ್ಟಿ ತಟ್ಟುತ್ತಿದ್ದಳು. ಮೂರನೆಯ ದಿನದಿಂದ ಹಾಗೆನ್ನುವುದನ್ನು ಬಿಟ್ಟು, ನನ್ನ ತಟ್ಟೆಗೆ ಎರಡು ರೊಟ್ಟಿ ಹೆಚ್ಚು ಹಾಕತೊಡಗಿದಳು. ಅದು ಇನ್ನೂ ಕಷ್ಟವಾಯಿತು.

ಹದಿನೈದು ದಿನಕ್ಕೆ ಉತ್ತರ ಬಂತು. ನೀಲಿ ಅಂಚಿನ ದಪ್ಪ ಕಾಗದ, ಮೇಲೆ ಜೋಡು ಹಂಸ. ಅರ್ಜಿಯವನು ಓದಿ ಕನ್ನಡದಲ್ಲಿ ಬರೆದುಕೊಟ್ಟ. ನಾನು ಅದನ್ನು ಎದೆಗವಚಿಕೊಂಡು ಕಟ್ಟೆಗೆ ಓಡಿದೆ. ‘ಮಹಾಶಯರೇ, ಇಟಲಿ ದೇಶದಲ್ಲಿ ನಮ್ಮ ಎಣ್ಣೆಯನ್ನು ಮಾರಬೇಕೆಂಬ ತಮ್ಮ ಉತ್ಸಾಹಕ್ಕೆ ಸಂತೋಷ. ಆದರೆ ಆ ದೇಶವು ದುರ್ಗದಬೈಲಿನ ಹದ್ದಿಗೆ ಬರುವುದಿಲ್ಲ. ಅಲ್ಲಿಯ ಪೂರೈಕೆಯನ್ನು ನಮ್ಮ ಬೇರೊಂದು ಶಾಖೆಯು ಅತ್ಯಂತ ತೃಪ್ತಿಕರವಾಗಿ ನಡೆಸುತ್ತಿದ್ದು, ಈಚಿನ ತಿಂಗಳುಗಳಲ್ಲಿ ಬೇಡಿಕೆಯು ಹೆಚ್ಚಿರುವುದರಿಂದ ತಾವು ಚಿಂತಿಸುವ ಕಾರಣವಿಲ್ಲ. ತಮ್ಮನ್ನು ಏಜೆಂಟರಾಗಿ ನೇಮಿಸಿದವರು ಯಾರೆಂದು ವಿಚಾರಿಸಲು ನಮ್ಮ ಇನ್ಸ್ಪೆಕ್ಟರರು ಗುರುವಾರ ಬರುತ್ತಾರೆ.’

"ನೋಡ್ರಿ! ಚಿಂತೀ ಮಾಡಬ್ಯಾಡ್ರಿ ಅಂತ ಬರದಾರ!" ಎಂದೆ.

ಶಾಂತಯ್ಯನವರು ಕಾಗದವನ್ನು ಮೂರು ಸಲ ಓದಿಸಿದರು. "ಇದರಾಗ ನಾ ಹೇಳೂವಂಥಾದ್ದು ಏನೂ ಉಳದಿಲ್ಲ, ನೀಲಕಂಠಪ್ಪ," ಎಂದರು. "ಎಲ್ಲಾ ಅವರಽ ಹೇಳ್ಯಾರ."

ಗುರುವಾರ ಮಧ್ಯಾಹ್ನ ಮತ್ತೆ ಜಮಖಾನ ಬಿತ್ತು. ದಸ್ತಗೀರಸಾಬ ಮುಂಚೆಯೇ ಬಂದು, ಗಾಡಿಯನ್ನು ನೆರಳಿಗೆ ಬಿಟ್ಟು, ತನ್ನ ಜಾಗದಲ್ಲಿ ಕೂತಿದ್ದ. ಸಂತೆಯ ಹೊತ್ತು ಹೋಗುತ್ತಿದೆಯೆಂದು ಒಂದು ಮಾತೂ ಆಡಲಿಲ್ಲ. ಮೂರು ಗಂಟೆಗೆ ಮೋಟಾರು ಬಂತು. ಇನ್ಸ್ಪೆಕ್ಟರರು ಇಳಿದರು: ಬಿಳಿಯ ಪಾಟಲೂನು, ತಲೆಗೆ ಟೊಪ್ಪಿಗೆ, ಪುಸ್ತಕದ ಕನ್ನಡ. ಜಮಖಾನದ ಮೇಲೆ ರುಮಾಲು ಸುತ್ತಿಕೊಂಡ ಡಬ್ಬಿ, ಅದರ ಸುತ್ತ ಕೈಕಟ್ಟಿ ಕೂತ ಊರು. ಇದನ್ನು ಕಂಡು ಅವರ ಮುಖ ಅರಳಿತು.

"ಆಹಾ! ನಮ್ಮ ಮಾಲಿಗೆ ಇಲ್ಲಿ ಪೂಜೆ ಮಾಡುತ್ತೀರಾ? ಎಂಥ ಭಕ್ತಿ! ಕ್ಯಾಮರಾ ತರಬೇಕಾಗಿತ್ತು. ಮುಂದಿನ ವರ್ಷದ ಕ್ಯಾಲೆಂಡರಿಗೆ ಹಾಕಬಹುದಿತ್ತು."

"ಪೂಜಿ ಅಲ್ರಿ, ಸಾಹೇಬರ," ಎಂದರು ಗುರುಶಿದ್ದಪ್ಪನವರು. "ಇಚಾರಣಿ. ನೀವು ಇಟಲಿಗೆ ಎಣ್ಣಿ ಯಾಕ ಕೊಡತೀರಿ?"

ಇನ್ಸ್ಪೆಕ್ಟರರು ಬೆಚ್ಚಿದರು. "ನಾನು ಕೊಡುವುದಿಲ್ಲ. ನನ್ನ ಹದ್ದು ಬೆಳಗಾವಿಯಿಂದ ಈಚೆಗೆ ಮಾತ್ರ."

"ಯಾರ ಕೊಡತಾರ?"

"ಮುಂಬಯಿಯ ಮ್ಯಾನೇಜರರಿಗೆ ವಿಲಾಯತಿಯ ಡೈರೆಕ್ಟರರು ಹೇಳುತ್ತಾರೆ. ಡೈರೆಕ್ಟರರು ಶೇರು ಕೊಂಡವರು ಹೇಳಿದಂತೆ ಕೇಳಬೇಕು."

"ಅವರನ್ನಽ ಕೇಳೂಣು. ಎಲ್ಲ್ಯದಾರ?"

"ಅವರು ಸಾವಿರಾರು ಜನ. ವಿಧವೆಯರು, ಪಾದ್ರಿಗಳು, ಪೆನ್ಶನ್ ತೆಗೆದುಕೊಂಡವರು. ಪಾಪ, ಅವರಿಗೆ ಇದೆಲ್ಲ ತಿಳಿಯದು."

"ತಿಳದಾವರು ಯಾರು?"

"ಸರಕಾರಗಳಿಗೆ ತಿಳಿದಿದೆ. ಅವರ ಪಟ್ಟಿಯಲ್ಲಿ ಎಣ್ಣೆ ಇಲ್ಲವಲ್ಲ! ನಿಷೇಧವಿಲ್ಲದ್ದನ್ನು ಮಾರಿದರೆ ತಪ್ಪೇನು?"

"ಪಟ್ಟಿ ಮಾಡೂವಾಗ ನಮ್ಮ ಇಂಗ್ರೇಜಿ ಸರಕಾರನೂ ಅಲ್ಲೇ ಕೂತಿತ್ತಂತಲ್ರಿ," ಎಂದರು ಶಾಂತಯ್ಯನವರು. "ಒಬ್ಬರ ಮನಿ ಇನ್ನೊಬ್ಬರು ಹೊಕ್ಕೊಂಡು ಕೂಡಬಾರದು ಅಂತ ಭಾಷಣಾ ಮಾಡಿತಂತ."

ಮೂಲೆಯಲ್ಲಿ ನಿಂತಿದ್ದ ಪೋಲೀಸ ಹವಾಲದಾರ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ.

ಇನ್ಸ್ಪೆಕ್ಟರರ ಸಹನೆ ಮುಗಿಯಿತು. ಅಂಗಡಿಯೊಳಗೆ ಒಟ್ಟಿದ್ದ ಹತ್ತಿಯ ಅಂಡಿಗೆಗಳನ್ನು ಬೆರಳಿನಿಂದ ತೋರಿಸಿದರು. "ಯಜಮಾನರೇ, ಇದು ಎಲ್ಲಿಗೆ ಹೋಗುತ್ತದೆ?"

"ಮುಂಬಯಿಗೆ."

"ಅಲ್ಲಿಂದ?"

"ಹಡಗ ಹತ್ತತೈತಿ."

"ಹಡಗು ಎಲ್ಲಿಗೆ ಹೋಗುತ್ತದೆ? ಇಟಲಿಯ ಸಿಪಾಯಿಗಳ ಅಂಗಿ ಯಾವ ಹತ್ತಿಯದು?"

ಗುರುಶಿದ್ದಪ್ಪನವರು ಎಲೆಯಡಿಕೆಯನ್ನು ನುಂಗಿದರು. "ಹಡಗ ಹತ್ತಿದ ಮ್ಯಾಲಿಂದು ನನಗ ಗೊತ್ತಿಲ್ರಿ," ಎಂದರು. ಮೆಲ್ಲಗೆ ಎಂದರು. ದೈವದ ಒಬ್ಬೊಬ್ಬರೂ ತಮ್ಮ ತಮ್ಮ ಅಂಗಿಯ ಗುಂಡಿಗಳನ್ನು ನೋಡಿಕೊಂಡರು.

ಇನ್ಸ್ಪೆಕ್ಟರರು ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ಈ ಫಲಕ ಬರೆಸಿದವರು ನೀವೋ? ನಿಮ್ಮನ್ನು ಯಾರೂ ನೇಮಿಸಿಲ್ಲ. ನನಗೂ ಕಂಪನಿಗೂ ಸಂಬಂಧವಿಲ್ಲ ಎಂದು ಇಲ್ಲಿ ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಿ. ಫಲಕ ಅಳಿಸಿ. ಸ್ಟೇಶನ್ ವ್ಯಾಪಾರಿ ನಿಮಗೆ ಡಬ್ಬಿ ಕೊಡುತ್ತಲೇ ಇರಲಿ, ನಾನು ತಡೆಯುವುದಿಲ್ಲ."

"ಹೇಳಿಬಿಡೋ, ಮಾರಾಯಾ," ಎಂದರು ಗುರುಶಿದ್ದಪ್ಪನವರು. ಅವರಿಗೂ ಜಮಖಾನ ಮಡಚುವ ಅವಸರವಿತ್ತು. "ರುಮಾಲ ತಗೊ, ಸಂಜಿಗೆ ಪುರಾಣಕ್ಕ ಬಾ. ಕಂಬ ಖಾಲಿ ಐತಿ."

ಒಂದೇ ಮಾತು. ಅದೂ ಅಪ್ಪಟ ಸತ್ಯ. ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ದಸ್ತಗೀರಸಾಬ ಕೂತಿದ್ದ. ಹನ್ನೆರಡು ಗಂಟೆಯಿಂದ ಕೂತಿದ್ದವನು ಇನ್ನೂ ಯಾರಾದರೂ ತನ್ನ ಕಡೆ ನೋಡಿ ಮಾತಾಡುತ್ತಾರೇನೋ ಎಂದು ಒಬ್ಬೊಬ್ಬರು ಬಾಯಿ ತೆರೆದಾಗಲೂ ಮುಖವೆತ್ತುತ್ತಿದ್ದ, ಮುಚ್ಚಿದಾಗ ಇಳಿಸುತ್ತಿದ್ದ. ನಾನು ಬಾಯಿ ತೆರೆದಾಗಲೂ ಎತ್ತಿದ.

"ಕಂಪನಿ ನಾನ," ಎಂದೆ.

"ಏನು?" ಎಂದರು ಇನ್ಸ್ಪೆಕ್ಟರರು.

"ಕಂಪನಿ ನಾನ ಅದೇನಿ. ಬರಸೇನಿ. ಎಣ್ಣಿ ಕೊಟ್ಟದ್ದು ಖರೇ ಐತಿ. ತಪ್ಪಾತು." ಎದ್ದು, ಡಬ್ಬಿಯನ್ನು ಸುತ್ತಿಕೊಂಡು ಆ ಕಡೆ ಹೋಗಿ, ದಸ್ತಗೀರಸಾಬನ ಮುಂದೆ ಕೂತು ಕೈಮುಗಿದೆ. "ತಪ್ಪಾತು, ದಸ್ತಗೀರಸಾಬ."

ದೈವಕ್ಕೆ ದಿಕ್ಕು ತೋಚಲಿಲ್ಲ. ಒಪ್ಪದವನನ್ನು ಒಪ್ಪಿಸುವ ಕ್ರಮಗಳು ಅವರಿಗೆ ಹತ್ತಾರು ಗೊತ್ತಿದ್ದವು; ಮಾಡದೆ ಒಪ್ಪಿಕೊಂಡವನಿಗೆ ಏನು ಮಾಡಬೇಕೆಂಬುದನ್ನು ಯಾವ ಹಿರಿಯರೂ ಹೇಳಿಹೋಗಿರಲಿಲ್ಲ.

"ಈ ಮನುಷ್ಯನಿಗೆ ಬುದ್ಧಿಭ್ರಮೆ," ಎಂದು ಇನ್ಸ್ಪೆಕ್ಟರರು ಮೋಟಾರಿನ ಕಡೆ ನಡೆದರು. "ಇವನ ಹೇಳಿಕೆ ಕಂಪನಿಗೆ ಬಂಧನಕಾರಿಯಲ್ಲ! ಇನ್ನು ಮುಂದೆ ಇವನಿಗೆ ಒಂದು ಡಬ್ಬಿಯೂ ಸಿಕ್ಕಲಾರದು!" ಧೂಳು ಅವರ ಹಿಂದೆ ಹೋಯಿತು.

ದಸ್ತಗೀರಸಾಬ ನನ್ನ ಮುಗಿದ ಕೈಗಳನ್ನು ನೋಡುತ್ತಿದ್ದ. ಆಮೇಲೆ ತನ್ನ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಒರೆಸಿದಷ್ಟೂ ಕಪ್ಪಾದವು, ಅಂಗಿಯೂ ಅದೇ ಬಣ್ಣದ್ದು.

"ನೀಲಕಂಠಣ್ಣ, ನೀ ಕಂಪನಿ ಅಲ್ಲ," ಎಂದ.

"ಅಲ್ಲ."

"ನಾ ಹಬಸಿ ರಾಜಾ ಅಲ್ಲ."

"ಅಲ್ಲ."

"ನಮ್ಮ ಮನಿತನದಾಗ ತಪ್ಪಾತು ಅಂತ ಈತನಕ ಯಾರೂ ಬಂದು ಹೇಳಿಲ್ಲೋ. ಇದನ್ನ ಎಲ್ಲೆ ಇಡೂದು ಅಂತ ನನಗ ತಿಳೀವಲ್ದು." ತುಸು ಯೋಚಿಸಿ ನನ್ನ ಕೈಗಳನ್ನು ಹಿಡಿದ. "ಇರಲಿ. ನನ್ನ ಹಂತೇಕ ಇಟಗೋತೇನಿ. ಅಲ್ಲಿಯವರು ಯಾರರ ಬಂದರ ಕೊಡತೇನಿ."

ಗುರುಶಿದ್ದಪ್ಪನವರು ತಾವೇ ಎದ್ದು ರುಮಾಲು ತಂದು ನನ್ನ ತಲೆಗೆ ಸುತ್ತಿದರು. ತೀರ್ಪೆಂದು ಏನನ್ನೂ ಹೇಳಲಿಲ್ಲ. ಜಮಖಾನ ಮಡಚುವಾಗ ಮಾತ್ರ, "ಹಡಗ ಎಲ್ಲಿಗಿ ಹೋಗತೈತಿ ಅಂತ ಒಂದ ಸಲ ಕೇಳಿ ನೋಡಬೇಕು," ಎಂದು ಗೊಣಗಿದರು. ಕೇಳಿದರೋ ಬಿಟ್ಟರೋ ನನಗೆ ತಿಳಿಯದು.

ಆ ಸಂಜೆ ನಾನು ಕಂಬಕ್ಕೆ ಒರಗಿ ಕೂತೆ. ದಾನವ್ವ ಹೆಂಗಸರ ಸಾಲಿನಿಂದ ಎರಡು ಸಲ ಇಣುಕಿ ನೋಡಿದಳು. ಔಡಲೆಣ್ಣೆಯ ಬೆಳಕು ಪುಸ್ತಕಕ್ಕೆ ಸಾಲದೆ ಶಾಂತಯ್ಯನವರು ಬಾಯಿಪಾಠವಾಗಿಯೇ ಹೇಳಿದರು. ಬೇಟೆಗೆ ಹೋದ ಅರಸನೊಬ್ಬ ಕಾಡಿನಂಚಿನ ಬಡವಿಯ ಒಂದೇ ಹಸುವನ್ನು ಕೊಂದ ಕತೆ. ಮುದುಕಿ ಅರಮನೆಯ ಬಾಗಿಲಿಗೆ ಬಂದು ಅತ್ತಳು, ಅರಸನಿಗೆ ಕೇಳಿಸಿತು, ಕಿರೀಟ ಕೆಳಗಿಟ್ಟು ಬಂದು ಅವಳ ಕಾಲಿಗೆ ಬಿದ್ದ, ಶಿವ ಮೆಚ್ಚಿದ. ಮಬ್ಬಿನಲ್ಲಿ ಧ್ವನಿಯೊಂದೇ ತೇಲುತ್ತಿತ್ತು. ಗುಡ್ಡ, ಹಸು, ಮುದುಕಿ, ತಲೆಯೆತ್ತಿ ನೋಡುವ ಹೆಂಗಸರು, ಎಲ್ಲರೂ ಕಂಬದಿಂದ ಕಂಬಕ್ಕೆ ನಡೆದಾಡಿದರು. ನಾನು ಕೊನೆಯ ಮಂಗಳದವರೆಗೆ ಒಂದು ಪದವನ್ನೂ ಬಿಡದೆ ಕೇಳಿದೆ.

ಮುಂದಿನ ಸಂತೆಗೆ ದಸ್ತಗೀರಸಾಬ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ನನ್ನ ಬಳಿ ಈಗ ಇದ್ದದ್ದು ಔಡಲೆಣ್ಣೆಯ ಎರಡು ಗಡಿಗೆ. "ಅವತ್ತ ಸಂಜೀಕ ಏನ ಕತಿ ಹೇಳಿದರು?" ಎಂದು ಕೇಳಿದ. ಹಲಗೆಯ ಮೇಲೆ ಜಾಗ ಮಾಡಿಕೊಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಾಡುವಲ್ಲಿ ಹಾಡಿಯೂ ಹೇಳಿದೆ. ಅವನು ಮೊಣಕಾಲಿನ ಮೇಲೆ ಗದ್ದವಿಟ್ಟು, ಕಣ್ಣು ಮಿಟುಕಿಸದೆ ಕೇಳಿದ.

"ಕತಿ ಛಲೋ ಐತಿ," ಎಂದ ಆಮೇಲೆ. "ಆದರ ಮುದುಕಿ ಬಂದು ಅತ್ತಳು, ಅರಸ ಬಂದು ಕಾಲಿಗಿ ಬಿದ್ದ. ಇಷ್ಟು ಲಗೂನ? ನಡುವ ಏನೋ ಬಿಟ್ಟೀ, ನೀಲಕಂಠಣ್ಣ. ನೆನಪ ಮಾಡಿಕೊ."